ಸ್ಟೀರಿಂಗಿನ ಮೇಲೊಂದು ಬೆರಳು

ಅರ್ಡಿಸ್ ಆ ಬೆಳಿಗ್ಗೆಯೂ ಗಂಡನ ಸ್ಯಾಂಡ್‌ವಿಚ್ಚನ್ನು ಮೇಣದ ಕಾಗದದಲ್ಲೇ ಸುತ್ತಿದಳು. ಹೋದ ವರ್ಷದ ಬೀಟ್ ಗಡ್ಡೆಯ ಕೊಯ್ಲಿನವರೆಗೂ ಆ ಮನೆಯಲ್ಲಿ ಎಲ್ಲವನ್ನೂ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತುತ್ತಿದ್ದರು. ಆಮೇಲೊಂದು ದಿನ ಹಾಳೆಯ ಸುರುಳಿ ಡ್ರಾಯರಿನಿಂದ ಕಾಣೆಯಾಯಿತು. ಅವಳು ಹೇಳಲಿಲ್ಲ, ಗಂಡ ಎಲ್ಡನ್ ಹೌಗನ್ ಕೇಳಲಿಲ್ಲ. ಊರಿನ ಕೆಫೆಯಲ್ಲಿ ಅವನು ಕೂರುವ ಸ್ಟೂಲಿನ ಮೇಲೆ ಯಾರೋ ಅಂಥದೇ ಹಾಳೆಯಲ್ಲಿ ಎರಡು ಕೊಂಬಿನ ಟೋಪಿ ಮಾಡಿಟ್ಟಿದ್ದ ಸುದ್ದಿ ಅವಳಿಗೆ ಚರ್ಚಿನ ಹೆಂಗಸರಿಂದ ತಲುಪಿರಬೇಕು. ಅವನು ಆ ಟೋಪಿಯನ್ನು ಮೆಲ್ಲಗೆ ಎತ್ತಿ ಪಕ್ಕದ ಸ್ಟೂಲಿನ ಮೇಲಿಟ್ಟು, ಕೂತು, ಎಂದಿನಂತೆ ಆಪಲ್ ಪೈ ಹೇಳಿದ್ದ. ಪೈ ಚೆನ್ನಾಗಿತ್ತು. ಕರುಣೆಯೂ ಮೇಣದ ಕಾಗದದಂಥದೇ, ಒಳಗಿನದು ಮಸುಕಾಗಿಯಾದರೂ ಕಂಡೇ ಕಾಣುತ್ತದೆ ಎಂದು ಅವನಿಗೆ ಅನ್ನಿಸಿತು. ಇಸ್ತ್ರಿಯ ಬಿಸಿ ಇನ್ನೂ ಆರದ ಪೋಲೀಸ್ ಯೂನಿಫಾರ್ಮಿನ ಅಂಗಿಯನ್ನು ಅವಳು ಅವನ ಹೆಗಲಿಗೇರಿಸಿದಳು. ಬಿಸಿ ಬೆನ್ನಿಗೆ ತಗುಲಿದ್ದು ತನಗೋ ಬೇರೆಯವರಿಗೋ ಎಂಬಂತೆ ನಿಂತ.

"ಕೇಳಿದ್ದಷ್ಟು ಹೇಳಿ ಬಂದುಬಿಡು," ಎಂದಳು ಅರ್ಡಿಸ್. "ಕೇಳದೆ ಇರೋದನ್ನ ಹೇಳೋಕೆ ಹೋಗ್ಬೇಡ."

ಈ ಮಾತನ್ನು ಹೋದ ವರ್ಷ ಹೇಳಿದ್ದರೆ ಚೆನ್ನಾಗಿತ್ತೆಂದು ಇಬ್ಬರಿಗೂ ಹೊಳೆಯಿತು. ಇಬ್ಬರೂ ಕಾಫಿ ಕುಡಿದರು.

ಕೌಂಟಿಯ ಕೋರ್ಟಿಗೆ ಹೋಗುವ ರಸ್ತೆ ದಾರ ಹಿಡಿದು ಎಳೆದಷ್ಟು ನೇರ. ಮಿನೆಸೋಟದ ಆ ವಾಯವ್ಯ ಮೂಲೆಯಲ್ಲಿ ನೆಲವೆಂಬುದು ಆಕಾಶದ ಕೆಳಗೆ ಹಾಸಿದ ಒಂದು ತೆಳು ಜಮಖಾನೆ. ಗುಡ್ಡವೆಂದರೆ ಕೊಯ್ಲಿನ ಕಾಲದಲ್ಲಿ ರಸ್ತೆ ಬದಿ ರಾಶಿ ಬೀಳುವ ಸಕ್ಕರೆ ಬೀಟ್ ಗಡ್ಡೆಗಳದ್ದು ಮಾತ್ರ. ಅಷ್ಟೊಂದು ಆಕಾಶ ಬಿಟ್ಟಿಯಾಗಿ ಸಿಕ್ಕಿದ್ದರೂ ಜನ ಕತ್ತೆತ್ತುತ್ತಿದ್ದದ್ದು ಮಳೆ ಬಂದೀತೋ ಹಿಮ ಬಿದ್ದೀತೋ ಎಂದು ನೋಡಲಿಕ್ಕೆ. ಉಳಿದದ್ದು ದೇವರ ಖಾಸಗಿ ಜಮೀನು, ಅದರೊಳಗೆ ಇಣುಕುವುದು ಮರ್ಯಾದಸ್ಥರ ಲಕ್ಷಣವಲ್ಲ. ಮಣ್ಣು ಮೆತ್ತಿದ ಗಡ್ಡೆ ಹೇರಿಕೊಂಡ ಲಾರಿಯೊಂದು ಎದುರು ಬಂತು. ಡ್ರೈವರಿನ ತೋರುಬೆರಳು ಸ್ಟೀರಿಂಗಿನಿಂದ ಎದ್ದಿತು, ಅರ್ಧಕ್ಕೆ ನಿಂತಿತು, ಮತ್ತೆ ಮಲಗಿತು. ಇವತ್ತು ಕೋರ್ಟೆಂದು ಎಲ್ಲರಿಗೂ ಗೊತ್ತಿತ್ತು.

ಬೆರಳೆತ್ತುವುದು ಆ ಸೀಮೆಯ ನಮಸ್ಕಾರ. ಎದುರಿಗೆ ಗಾಡಿ ಬಂದರೆ ಸ್ಟೀರಿಂಗ್ ಹಿಡಿದ ಕೈ ಬಿಡದೆ ಒಂದೇ ಒಂದು ಬೆರಳನ್ನು ಎತ್ತಬೇಕು. ಕೈ ಬೀಸಿದರೆ ಅತಿಯಾಯಿತು, ಸುಮ್ಮನಿದ್ದರೆ ಸೊಕ್ಕಾಯಿತು. ಬೇಲಿಯ ಜಗಳದಲ್ಲಿ ಅಜ್ಜನ ಕಾಲದಿಂದ ಮಾತು ಬಿಟ್ಟವರೂ ರಸ್ತೆಯಲ್ಲಿ ಬೆರಳು ಬಿಟ್ಟಿರಲಿಲ್ಲ. ಅವರವರ ಬೆರಳು ಅವರವರ ಸಹಿಯಿದ್ದಂತೆ. ಎಲ್ಡನ್‌ಗೆ ಗಾಡಿಯ ಬಣ್ಣ ಕಾಣುವ ಮೊದಲೇ ಬೆರಳು ಕಂಡರೆ ಮನುಷ್ಯ ಯಾರೆಂದು ತಿಳಿಯುತ್ತಿತ್ತು. ಪಾದ್ರಿಯದು ಆಶೀರ್ವಾದದ ಹಾಗೆ ತುಸು ಬಾಗಿದ ಬೆರಳು. ಟ್ರ್ಯಾಕ್ಟರ್ ಮಾರುವ ವಿಕ್ ಸಾಹುಕಾರನದು ಬೆಲೆ ಹೇಳುವ ಬೆರಳು. ವಿಕ್ಕನ ಆಳು ಅಲ್ವಿನ್ ಒಬ್ಬನೇ ಎರಡು ಬೆರಳೆತ್ತುತ್ತಿದ್ದ, ಒಂದು ಸಾಲದೇನೋ ಎಂಬ ಸಂಕೋಚದಿಂದ. ಹೋದ ಕೊಯ್ಲಿನ ನಂತರ ಎಲ್ಡನ್‌ನ ಪಾಲಿಗೆ ಮಾತ್ರ ಈ ನಮಸ್ಕಾರಕ್ಕೊಂದು ಬಾಲ ಹುಟ್ಟಿಕೊಂಡಿತು. ಬೆರಳು ಏಳುತ್ತಿತ್ತು, ಎದ್ದ ಬೆರಳು ನೆಟ್ಟಗಾಗಿ ಗಾಡಿಯ ಮಾಡಿನ ಕಡೆ ಎರಡು ಸಲ ಕುಟುಕುತ್ತಿತ್ತು: ಮೇಲೆ ನೋಡು, ಮೇಲೆ ನೋಡು. ಮೊದಲು ಪಡ್ಡೆ ಹುಡುಗರು, ಆಮೇಲೆ ಅವರ ಅಪ್ಪಂದಿರು, ಅಂಚೆಯವನು, ಚರ್ಚಿನಲ್ಲಿ ಆರ್ಗನ್ ನುಡಿಸುವಾಕೆ. ಪಾದ್ರಿಯೂ ಒಂದು ಸಲ ಅಭ್ಯಾಸಬಲದಿಂದ ಬೆರಳು ಮೇಲಕ್ಕೆ ತಿರುಗಿಸಿಬಿಟ್ಟು, ತಕ್ಷಣ ಹಣೆ ತುರಿಸಿಕೊಂಡಂತೆ ಮಾಡಿದ್ದ. ಯಾರಿಗೂ ದ್ವೇಷವಿರಲಿಲ್ಲ. ದ್ವೇಷವಾಗಿದ್ದರೆ ಹಿಡಿದು ನಿಲ್ಲಿಸಿ ದಂಡದ ಚೀಟಿ ಹರಿಯಬಹುದಿತ್ತು.

ಹೋದ ವರ್ಷದ ಆ ಸಂಜೆ ಅವನು ಮೊದಲು ನೋಡಿದ್ದು ಆಕಾಶವನ್ನಲ್ಲ, ನೆಲವನ್ನು. ಇದನ್ನು ಯಾರೂ ಕೇಳಲೇ ಇಲ್ಲ. ಸೂರ್ಯ ಪಶ್ಚಿಮದಲ್ಲಿ ಇನ್ನೇನು ನೆಲ ಮುಟ್ಟುವುದರಲ್ಲಿದ್ದ. ಬೀಟ್ ರಾಶಿಯ ಪಕ್ಕ ಕಾರು ನಿಲ್ಲಿಸಿ, ಇಳಿದು, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ. ಕಾರಿನ ನೆರಳು ತಪ್ಪು ಕಡೆಗೆ ಬಿದ್ದಿತ್ತು. ಸೂರ್ಯನ ಕಡೆಗೇ ಬಿದ್ದಿತ್ತು. ತನ್ನ ನೆರಳೂ, ಫ್ಲಾಸ್ಕಿನ ನೆರಳೂ. ತಿರುಗಿ ನೋಡಿದರೆ ಪೂರ್ವದಲ್ಲಿ, ರಾಶಿಯ ನೆತ್ತಿಯ ಮೇಲೆ, ಬೋಗುಣಿ ಕವುಚಿದಂಥ ಏನೋ ಒಂದು, ನೀರು ಹೆಚ್ಚಾದ ಕಾಫಿಯ ಬಣ್ಣದ ಬೆಳಕು ಬಿಡುತ್ತ ನಿಂತಿತ್ತು. ಸದ್ದಿರಲಿಲ್ಲ. ಗಡ್ಡೆಗಳ ಹಸಿಮಣ್ಣಿನ ವಾಸನೆ ಇತ್ತು. ಒಂದು ಸಿಗರೇಟು ಸುಟ್ಟು ಮುಗಿಯುವಷ್ಟು ಹೊತ್ತು ಅದು ಅಲ್ಲಿತ್ತು, ಅವನು ಇಲ್ಲಿದ್ದ. ಹೋದದ್ದೂ ಹೋದಂತಿರಲಿಲ್ಲ, ನಾಲಗೆಯ ತುದಿಗೆ ಬಂದ ಹೆಸರು ಮರೆತುಹೋಗುವ ಹಾಗೆ ಇಲ್ಲವಾಯಿತು, ನೆರಳು ತನ್ನ ಜಾಗಕ್ಕೆ ಮರಳಿತು. ಅವನಿಗೆ ಭಯವಾಗಲಿಲ್ಲ, ಭಕ್ತಿಯೂ ಬರಲಿಲ್ಲ. ಕರ್ತವ್ಯ ನೆನಪಾಯಿತು. ರೇಡಿಯೋ ಕೈಗೆತ್ತಿಕೊಂಡು, ಹೆದ್ದಾರಿಯ ಮೇಲೆ ಸತ್ತ ಜಿಂಕೆ ಬಿದ್ದಿದೆಯೆಂದು ಹೇಳುವ ದನಿಯಲ್ಲೇ, ನೆರಳು ತಪ್ಪು ಕಡೆ ಬೀಳುತ್ತಿದೆ ಎಂದು ವರದಿ ಮಾಡಿದ. ಆ ಸೀಮೆಯ ಅಡಿಗೆಮನೆಗಳಲ್ಲೆಲ್ಲ ಪೋಲೀಸಿನ ಮಾತು ಕೇಳಿಸುವ ಪುಟ್ಟ ರೇಡಿಯೋಗಳಿದ್ದವು. ರಾತ್ರಿಯೂಟಕ್ಕೆ ತಟ್ಟೆ ಇಡುತ್ತಿದ್ದ ಹೆಂಗಸರು ಅದನ್ನು ಕೇಳಿ ಕೈಯಲ್ಲಿದ್ದ ಚಮಚ ಹಿಡಿದೇ ನಿಂತರಂತೆ. ಹಾರುವ ತಟ್ಟೆ ಕಂಡವನಿಗೆಂದು ಕೆಫೆಯ ಸ್ಟೂಲಿನ ಮೇಲೆ ಆ ಕೊಂಬಿನ ಟೋಪಿ ಬಂದದ್ದೂ ಆಗಲೇ. ಮರುದಿನದಿಂದ ಅವನ ಕುಶಲ ವಿಚಾರಿಸುವ ರೀತಿಯೇ ಬದಲಾಯಿತು. "ಏನಪ್ಪಾ ಎಲ್ಡನ್, ಇವತ್ತು ನೆರಳು ನೆಟ್ಟಗಿದೆಯಾ?"

ಕೌಂಟಿ ಪೋಲೀಸಿನ ಮೇಲಧಿಕಾರಿ ಷೆರೀಫ್ ನಾರ್ಲಂಡ್ ಕೆಟ್ಟವನಲ್ಲ, ಚುನಾವಣೆಗೆ ನಿಲ್ಲುವವನು. "ನೀನು ಏನು ನೋಡಿದೆ ಅಂತ ನಾನು ಕೇಳ್ತಿಲ್ಲ ಕಣಯ್ಯಾ," ಎಂದಿದ್ದ ಬಾಗಿಲು ಹಾಕಿಕೊಂಡು. "ಅದನ್ನ ರೇಡಿಯೋದಲ್ಲಿ ಯಾಕೆ ಹೇಳಿದೆ ಅಂತ ಕೇಳ್ತಿದೀನಿ." ನೋಡಿದ್ದನ್ನು ಹೇಳುವುದಕ್ಕೆಂದೇ ಸಂಬಳ ಕೊಡುತ್ತಾರೆಂದು ಎಲ್ಡನ್ ಅಲ್ಲಿಯವರೆಗೆ ತಿಳಿದಿದ್ದ. ನಗರದ ಮನೋವೈದ್ಯನ ಬಳಿಗೆ ಕಳಿಸಿದರು. ಅವನು ಶಾಯಿಯ ಕಲೆಗಳನ್ನು ತೋರಿಸಿ ಏನು ಕಾಣುತ್ತದೆಂದು ಕೇಳಿದ. ಶಾಯಿ ಎಂದ ಎಲ್ಡನ್. ನೆಟ್ಟಗಿದ್ದಾನೆ ಎಂದು ಅಲ್ಲಿಂದ ಕಾಗದ ಬಂತು. ಬಂದರೂ ಅವನನ್ನು ಸಂಜೆಯ ಪಾಳಿಯಿಂದ ತೆಗೆದು ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸಲು ಹಾಕಿದರು. ಕ್ರಿಸ್ಮಸ್ಸಿನ ನಾಟಕಕ್ಕೆ ಚರ್ಚಿನವರು ಕೋಲಿಗೆ ಕಟ್ಟಿದ ಬೆತ್ಲೆಹೇಮಿನ ನಕ್ಷತ್ರವನ್ನು ಹಿಡಿಯಲು ಅವನನ್ನೇ ಕೇಳಿದರು, ನಿನಗೆ ಅಭ್ಯಾಸವಿದೆಯಲ್ಲ ಎಂದು ಪ್ರೀತಿಯಿಂದಲೇ. ಅವನು ಹಿಡಿದ. ನಾಟಕ ಮುಗಿಯುವವರೆಗೂ ನಕ್ಷತ್ರ ಅಲುಗದ ಹಾಗೆ ಹಿಡಿದಿದ್ದ. ಮೊದಲ ಸಾಲಿನಲ್ಲಿ ಅರ್ಡಿಸ್ ತನ್ನ ಕೈಗವಸಿನ ಒಂದೊಂದೇ ಬೆರಳನ್ನು ಎಳೆದು ನೆಟ್ಟಗೆ ಮಾಡುತ್ತ ಕೂತಿದ್ದಳು.

ಹಿಮ ಕರಗುವ ಹೊತ್ತಿಗೆ ಇಬ್ಬರು ಡೆಪ್ಯುಟಿಗಳು ಜ್ವರ ಹಿಡಿದು ಮಲಗಿದ್ದರಿಂದ ಅವನಿಗೆ ಮತ್ತೆ ಸಂಜೆಯ ಪಾಳಿ ಸಿಕ್ಕಿತು. ಆ ಸಂಜೆ ಎದುರು ಬಂದ ಕೆಂಪು ಪಿಕಪ್ಪಿನಲ್ಲಿ ಇಬ್ಬರಿದ್ದರು, ವಿಕ್ ಸಾಹುಕಾರನ ಮಗ ಡೇಲ್ ಮತ್ತು ಆಳು ಅಲ್ವಿನ್. ಇಬ್ಬರ ತಲೆಯ ಮೇಲೂ ಒಂದೇ ಬೀಜದ ಕಂಪೆನಿಯ ಹಳದಿ ಟೋಪಿ, ಮುಖದ ಮೇಲೆ ಟೋಪಿಯ ನೆರಳು. ಸ್ಟೀರಿಂಗಿನಿಂದ ಬೆರಳೊಂದು ಎದ್ದಿತು. ಎದ್ದು, ಮಾಡಿನ ಕಡೆ ಎರಡು ಸಲ ಕುಟುಕಿತು. ಗಾಡಿ ಹಾದುಹೋಯಿತು. ಸ್ವಲ್ಪ ಹೊತ್ತಿಗೆ, ಮೋರಿಯ ಬಳಿ ಪಿಕಪ್ಪೊಂದು ಹಳ್ಳಕ್ಕೆ ಮಗುಚಿದೆಯೆಂದು ರೇಡಿಯೋ ಕರೆಯಿತು. ಇಬ್ಬರೂ ಗಾಡಿಯಿಂದ ಹೊರಗೆ ಬಿದ್ದಿದ್ದರು. ಅಲ್ವಿನ್ ಕೆಸರಿನಲ್ಲಿ ಮುಖ ಮಾಡಿ ಸತ್ತಿದ್ದ. ಡೇಲ್ ಕೊರಳಮೂಳೆ ಮುರಿದುಕೊಂಡು, ವಿಸ್ಕಿಯ ನಾತ ಹೊಡೆಯುತ್ತ ರಸ್ತೆಯಂಚಿನಲ್ಲಿ ಕೂತಿದ್ದ. "ಅಲ್ವಿನ್ ಓಡಿಸ್ತಿದ್ದ, ನಾನು ಬೇಡ ಅಂದೆ," ಎಂದ. ಸತ್ತವನು ಇಲ್ಲ ಎನ್ನಲಿಲ್ಲ. ಓಡಿಸುತ್ತಿದ್ದವನು ಡೇಲ್, ನಾನು ಗುರುತಿಸಿದೆ ಎಂದು ಎಲ್ಡನ್ ವರದಿ ಬರೆದ. ಹೇಗೆ ಗುರುತಿಸಿದೆ ಎಂದು ಬರೆಯಲಿಲ್ಲ. ಬರೆಯುವುದಾದರೂ ಏನನ್ನು? ಅಲ್ವಿನ್ ಆಗಿದ್ದರೆ ಎರಡು ಬೆರಳೆತ್ತುತ್ತಿದ್ದ, ಅವು ಮೇಲಕ್ಕೆ ಕುಟುಕುತ್ತಿರಲಿಲ್ಲ. ನನ್ನನ್ನು ಗೇಲಿ ಮಾಡಿದ್ದರಿಂದ ಅವನು ಡೇಲ್ ಎಂದು ನಿಶ್ಚಯವಾಯಿತು, ಎಂದೇ? ತನಗಾದ ಗೇಲಿಯನ್ನು ಸಾಕ್ಷ್ಯವೆಂದು ಬರೆದುಕೊಟ್ಟ ಪೋಲೀಸಿನವನನ್ನು ಅವನು ಎಲ್ಲೂ ಕಂಡಿರಲಿಲ್ಲ. ಸರ್ಕಾರಿ ವಕೀಲನಿಗೂ ಹೇಳಲಿಲ್ಲ, ಅರ್ಡಿಸಳಿಗೂ ಹೇಳಲಿಲ್ಲ.

ಆ ವರದಿಯಿಂದ ಡೇಲ್‌ನ ಮೇಲೆ ಹೂಡಿದ ಕೇಸು ಇವತ್ತು ವಿಚಾರಣೆಗೆ ಬಂದಿತ್ತು. ಸರ್ಕಾರಿ ವಕೀಲ ಟೆಡ್ ಕ್ವಾಮ್ ಕೋರ್ಟಿನ ಹಿಂದಿನ ಕೋಣೆಯಲ್ಲಿ ಕಾಯುತ್ತಿದ್ದ. ಹೊಸಬ, ಬೂಟು ಅವನಿಗಿಂತ ಹಳೆಯದು.

"ಡೇಲ್ ಕಡೆ ವಕೀಲ ಡೆಲಾನಿ ಆ ಬೆಳಕಿನ ವಿಷಯ ಎತ್ತೇ ಎತ್ತುತಾನೆ. ಆಗ ಏನಂತೀಯ?"

"ನೋಡಿದ್ದನ್ನ ಅಂತೀನಿ."

"ಶುಕ್ರಗ್ರಹ ಅನ್ನು ಮಾರಾಯ. ದಣಿದಿದ್ದೆ, ಶುಕ್ರನ್ನ ನೋಡಿ ಮೋಸ ಹೋದೆ ಅಂತ ಸ್ವಲ್ಪ ನಕ್ಕೊಂಡು ಹೇಳು. ನೀನು ನಕ್ಕರೆ ಜೂರಿ ನಗುತ್ತೆ. ನಕ್ಕವರು ನಂಬ್ತಾರೆ."

"ಶುಕ್ರ ಪಶ್ಚಿಮದಲ್ಲಿತ್ತು. ಇದು ಪೂರ್ವದಲ್ಲಿ."

ಕ್ವಾಮ್ ತನ್ನ ಬೂಟನ್ನು ನೋಡಿಕೊಂಡ. "ಅಲ್ವಿನ್ ಹೆಸರಿಗೆ ಹತ್ತಿರೋ ಮಸಿ ಹೋಗ್ಬೇಕೋ ಬೇಡವೋ? ಅವನಕ್ಕ ಆಗಲೇ ಬಂದು ಕೂತಿದಾಳೆ. ನಿನ್ನ ಮಾತು ಬಿಟ್ಟರೆ ನನ್ನ ಕೈಲಿ ಇನ್ನೇನೂ ಇಲ್ಲ ಎಲ್ಡನ್. ನಿನ್ನ ದಿಕ್ಕು ದೆಸೆ ಎಲ್ಲ ಆಮೇಲೆ ನೋಡ್ಕೊಳೋಣ."

ಅಲ್ವಿನ್‌ನ ಅಕ್ಕ ಹುಲ್ದಾ ಎರಡನೆಯ ಬೆಂಚಿನಲ್ಲಿ, ಚರ್ಚಿಗೆ ಹಾಕುವ ನೀಲಿ ಟೋಪಿ ಹಾಕಿಕೊಂಡು, ಮಡಿಲ ಮೇಲೆ ಕೈಚೀಲ ನೆಟ್ಟಗಿಟ್ಟುಕೊಂಡು ಕೂತಿದ್ದಳು. ತಮ್ಮ ಕುಡಿದು ಗಾಡಿ ಓಡಿಸಿ ಸತ್ತನೆಂದು ಕೆಲವರು ಅವಳೆದುರಿಗೆ ಸಾವನ್ನು ಬಿಟ್ಟು ಹವಾಮಾನದ ಮಾತಾಡುತ್ತಿದ್ದರು. ಅಲ್ವಿನ್ ಕುಡಿಯುತ್ತಿದ್ದವನೇ ಅಲ್ಲ, ಅಥವಾ ಅವಳಿಗೆ ಗೊತ್ತಿದ್ದಂತೆ ಅಲ್ಲ. ಎಲ್ಡನ್ ಬೈಬಲ್ಲಿನ ಮೇಲೆ ಕೈಯಿಟ್ಟು ಸತ್ಯವನ್ನೇ ಹೇಳುತ್ತೇನೆಂದ. ಎಷ್ಟೋ ವರ್ಷಗಳಿಂದ ಎಷ್ಟೋ ಸಲ ಅದೇ ಮಾತು ಹೇಳಿದ್ದ. ಇವತ್ತು ರಟ್ಟಿನ ತಣ್ಣಗಿನ ಒರಟು ಮಾತ್ರ ಅಂಗೈಗೆ ತಿಳಿಯಿತು. ಕ್ವಾಮ್ ಕೇಳಿದ್ದಕ್ಕೆಲ್ಲ ಸರಾಗವಾಗಿ ಉತ್ತರ ಬಂತು. ಯಾರು ಓಡಿಸುತ್ತಿದ್ದರು? ಡೇಲ್ ವಿಕ್. ಜೂರಿಯಲ್ಲಿ ಅಂಚೆಯವನಿದ್ದ, ಆರ್ಗನ್ ನುಡಿಸುವಾಕೆ ಇದ್ದಳು, ಬೀಟ್ ಬೆಳೆಯುವವರು ನಾಲ್ಕಾರು ಜನ ಇದ್ದರು, ಕುತ್ತಿಗೆ ಮಾತ್ರ ಬಿಸಿಲಿಗೆ ಕೆಂಪಾದವರು. ಎಲ್ಲರೂ ಅವನನ್ನು ಹೊಸಬನನ್ನು ನೋಡುವಂತೆ ಸಭ್ಯವಾಗಿ ನೋಡುತ್ತಿದ್ದರು.

ಡೆಲಾನಿ ನಗರದವನು, ಮೆತ್ತನೆ ಮಾತಿನವನು. ಎದ್ದು ಬಂದವನೇ ಎಲ್ಡನ್‌ನ ಸರ್ವೀಸನ್ನು ಹೊಗಳಿದ. ನೋಡುವುದರಲ್ಲಿ ತರಬೇತಿ ಪಡೆದವರಲ್ಲವೇ ನೀವು ಎಂದು ಕೇಳಿದ. ಹೌದು ಎಂದ ಎಲ್ಡನ್. ಹೋದ ವರ್ಷ ಕೊಯ್ಲಿನಲ್ಲಿ ಬೀಟ್ ರಾಶಿಯ ಮೇಲೆ ಒಂದು ವಸ್ತು ನೋಡಿದಿರಂತೆ ಎಂದ. ಬೆಂಚುಗಳಲ್ಲಿ ಯಾರೋ ಕೆಮ್ಮಿದರು. ಎಲ್ಡನ್ ತನ್ನ ಬಾಯಿ ನಗುವಿನ ಆಕಾರಕ್ಕೆ ಬರುವುದನ್ನು ಹೊರಗಿನಿಂದ ನೋಡಿದಂತೆ ನೋಡಿದ. "ಶುಕ್ರಗ್ರಹ ಅದು," ಎಂದ. "ದಣಿದಿದ್ದೆ. ಮೋಸ ಹೋದೆ." ಕ್ವಾಮ್ ಹೇಳಿದ್ದು ನಿಜವಾಯಿತು, ಜೂರಿ ನಕ್ಕಿತು. ಗೇಲಿಯ ನಗುವಲ್ಲ. ದೂರದ ಊರಿಂದ ಮನೆಗೆ ಮರಳಿದವನನ್ನು ಕಂಡು ನಗುವ ನಗು. ಆರ್ಗನ್ ನುಡಿಸುವಾಕೆಯ ಕಣ್ಣಲ್ಲಿ ನೀರಾಡಿದಂತೆ ಕೂಡ ಕಂಡಿತು. ಒಂದು ವರ್ಷ ಹೊತ್ತದ್ದನ್ನು ಇಳಿಸಲು ಎರಡು ಮಾತು ಸಾಕಾಯಿತಲ್ಲ ಎಂದು ಅವನಿಗೆ ಆಶ್ಚರ್ಯವಾಗಬೇಕಿತ್ತು. ಆಶ್ಚರ್ಯ ಬರಲಿಲ್ಲ, ಹಲ್ಲು ಕೀಳಿಸಿಕೊಂಡ ಮೇಲೆ ನಾಲಗೆ ಆ ಸಂದನ್ನು ತಡವಿ ನೋಡುವ ಹಾಗೆ ಮನಸ್ಸು ಒಂದು ಖಾಲಿ ಜಾಗವನ್ನು ತಡವುತ್ತಿತ್ತು.

ಡೆಲಾನಿಯೂ ನಕ್ಕ. ನಗು ಮುಗಿಯಲೆಂದು ಕಾದ. ಎಷ್ಟು ಹೊತ್ತು ನೋಡಿದಿರಿ ಆ ಶುಕ್ರಗ್ರಹವನ್ನು ಎಂದು ಕೇಳಿದ. ಒಂದು ಸಿಗರೇಟಿನಷ್ಟು ಹೊತ್ತು. ಅದು ನಿಂತಲ್ಲೇ ನಿಂತಿತ್ತಲ್ಲವೇ? ಹೌದು. ಪಿಕಪ್ಪನ್ನು ಎಷ್ಟು ಹೊತ್ತು ನೋಡಿದಿರಿ? ಎದುರಿಗೆ ಬಂದು ಹೋಗುವಷ್ಟು. ಅದು ನಿಂತಿತ್ತೇ? ಇಲ್ಲ. ಡೆಲಾನಿ ಮುಂದಿನ ಮಾತು ಆಡಲಿಲ್ಲ. ಆಡದ ಮಾತು ಜೂರಿಯ ಪೆಟ್ಟಿಗೆಯತ್ತ ತಾನೇ ನಡೆದುಹೋಗಿ ಒಬ್ಬೊಬ್ಬರ ಪಕ್ಕದಲ್ಲೂ ಕೂತಿತು. ಕ್ವಾಮ್‌ನ ಮುಖ ಬಿಳಿಚಿಕೊಂಡದ್ದನ್ನು ಎಲ್ಡನ್ ಕಂಡ. ಹುಚ್ಚನೆಂದು ಅವನನ್ನು ತಳ್ಳಿಹಾಕಲು ಡೆಲಾನಿಗೆ ಕಷ್ಟವಿತ್ತೇನೋ. ತಪ್ಪು ನೋಡುವವನೆಂದು ಎಲ್ಡನ್ ತಾನೇ ಒಪ್ಪಿಕೊಂಡು ಕೆಲಸ ಹಗುರ ಮಾಡಿದ್ದ.

"ಇಬ್ಬರೂ ಒಂದೇ ಥರದ ಟೋಪಿ ಹಾಕ್ಕೊಂಡಿದ್ರು. ಮುಖ ಸರಿಯಾಗಿ ಕಂಡಿತಾ?"

"ಇಲ್ಲ."

"ಮತ್ತೆ ಡೇಲ್ ಅಂತ ಹೇಗೆ ಗೊತ್ತಾಯ್ತು ನಿಮಗೆ?"

ಉತ್ತರ ಬಾಯಿಯಲ್ಲಿತ್ತು. ಬೆರಳು ಕಂಡಿತು, ಅದು ಹೀಗೆ ಮೇಲಕ್ಕೆ ಕುಟುಕಿತು. ಅಷ್ಟು ಹೇಳಿ ತೋರಿಸಿದರೆ ಆ ಹನ್ನೆರಡು ಜನಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಅವರಲ್ಲಿ ಆ ಬೆರಳು ಕುಟುಕಿಸದವರು ಎಷ್ಟು ಜನ? ಅಲ್ವಿನ್ ಎರಡು ಬೆರಳಿನವನೆಂದು ಅವರೆಲ್ಲರಿಗೂ ಗೊತ್ತು. ಎಲ್ಡನ್ ಡೇಲ್‌ನತ್ತ ನೋಡಿದ. ಡೇಲ್ ಮೇಜಿನ ಮೇಲಿದ್ದ ತನ್ನ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಿದ್ದ. ಅವನಿಗೂ ಗೊತ್ತು. ಜೂರಿಯತ್ತ ನೋಡಿದ. ಬಾಯಿ ತೆರೆದರೆ ಅಂಚೆಯವನು ತಲೆ ತಗ್ಗಿಸಬೇಕಾಗುತ್ತದೆ, ಆರ್ಗನ್ನಿನಾಕೆ ಕರವಸ್ತ್ರ ಹುಡುಕಬೇಕಾಗುತ್ತದೆ, ಇಷ್ಟು ಜನ ಒಟ್ಟಿಗೆ, ಹಗಲಲ್ಲಿ, ಎಲ್ಲರೆದುರು ನಾಚಬೇಕಾಗುತ್ತದೆ. ಈಗಷ್ಟೇ ಅವನನ್ನು ಒಳಗೆ ಕರೆದು ಕೂರಿಸಿಕೊಂಡವರು. ಆ ಸೀಮೆಯಲ್ಲಿ ಮನುಷ್ಯರನ್ನು ಹಾಗೆ ನಾಚಿಸುವುದಿಲ್ಲ. ಅವನ ತಾಯಿ, ಊಟಕ್ಕೆ ಬಂದವರ ತಟ್ಟೆಯಲ್ಲಿ ಕೂದಲು ಕಂಡರೆ ತನ್ನ ತಟ್ಟೆಯನ್ನು ಬದಲಾಯಿಸಿಕೊಂಡು ತಾನೇ ತಿನ್ನುತ್ತಿದ್ದಳು. ಸಾಕ್ಷಿಕಟ್ಟೆಯ ಅಂಚಿನ ಮೇಲಿದ್ದ ತನ್ನ ತೋರುಬೆರಳನ್ನು ನೋಡಿದ. ಅದು ಮರದ ಮೇಲೆ ಮಲಗಿತ್ತು. ಎರಡನೆಯ ಬೆಂಚಿನ ನೀಲಿ ಟೋಪಿ ಅಲುಗದೆ ಕಾಯುತ್ತಿತ್ತು.

"ಗೊತ್ತಾಯ್ತು. ಅಷ್ಟೆ," ಎಂದ.

ಕಾಫಿ ಆರುವ ಮೊದಲೇ ಜೂರಿ ಹೊರಬಂತು. ಡೇಲ್ ತಪ್ಪಿತಸ್ಥನಲ್ಲ. ಕ್ವಾಮ್ ಕಾಗದಗಳನ್ನು ಒಂದೇ ಸಮ ಜೋಡಿಸುತ್ತ ಯಾರನ್ನೂ ನೋಡಲಿಲ್ಲ. ಷೆರೀಫ್ ನಾರ್ಲಂಡ್ ಮಾತ್ರ ಮೊಗಸಾಲೆಯಲ್ಲಿ ಎಲ್ಡನ್‌ನ ಹೆಗಲ ಮೇಲೆ ಕೈಯಿಟ್ಟು, ಕೇಸು ಹೋದರೆ ಹೋಯಿತು, ಆ ಇನ್ನೊಂದು ವಿಷಯ ಮುಗಿಯಿತಲ್ಲ ಎಂದ. ಸೋಮವಾರದಿಂದ ಸಂಜೆಯ ಪಾಳಿ ನಿನ್ನದೇ ಎಂದ. ಅಂಚೆಯವನು ಎದುರು ಸಿಕ್ಕಿ, ಏನು ಮಾಡುವುದಪ್ಪಾ, ಕತ್ತಲಾಗುವ ಹೊತ್ತು ಕಣ್ಣು ಯಾರಿಗಾದರೂ ಮೋಸ ಮಾಡುತ್ತದೆ ಎಂದು ಸಮಾಧಾನ ಹೇಳಿದ. ಎಲ್ಲರೂ ದಯಾಳುಗಳಾಗಿದ್ದರು.

ಕೋರ್ಟಿನ ಮೆಟ್ಟಿಲ ಮೇಲೆ ಹುಲ್ದಾ ತನ್ನ ಗಾಡಿಯವರಿಗಾಗಿ ಕಾಯುತ್ತಿದ್ದಳು. ಎಲ್ಡನ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಅವಳೇ ಮೊದಲು ಮಾತಾಡಿದಳು.

"ನಿಮಗೆ ತೊಂದರೆ ಆಯ್ತು."

"ಇಲ್ಲ ಮಿಸ್ ಹುಲ್ದಾ."

"ನಮ್ಮ ಅಲ್ವಿನ್ ನಿಮ್ಮ ಆ ಬೆಳಕನ್ನ ನಂಬಿದ್ದ. ಎಲ್ಲರೂ ನಗೋರು, ಅವನು ನಗ್ತಿರಲಿಲ್ಲ. ಎಲ್ಡನ್ ಸುಮ್ಮನೆ ಹೇಳೋ ಮನುಷ್ಯ ಅಲ್ಲ ಅಕ್ಕಾ ಅಂತಿದ್ದ." ಅವಳು ಕೈಚೀಲದ ಕೊಂಡಿಯನ್ನು ತೆರೆದು ಮತ್ತೆ ಹಾಕಿದಳು. "ಅದು ಬರೀ ಶುಕ್ರಗ್ರಹ ಅಂತ ಅವನಿಗೆ ಗೊತ್ತಾಗದೇ ಹೋದದ್ದು ಒಳ್ಳೇದೇ ಆಯ್ತು. ಪಾಪ, ಬೇಜಾರು ಮಾಡ್ಕೋತಿದ್ದ."

ಗಾಡಿ ಬಂತು. ಅವಳು ಹತ್ತುವಾಗ ಮೊಣಕೈಗೆ ಆಸರೆ ಕೊಟ್ಟ, ಬಾಗಿಲು ಹಾಕಿದ.

ಮನೆಯ ಕಡೆ ರಸ್ತೆ ಬೆಳಿಗ್ಗೆಯಷ್ಟೇ ನೇರವಾಗಿತ್ತು. ಲಾರಿಗಳಿಂದ ಉದುರಿದ ಗಡ್ಡೆಗಳು ಅಲ್ಲಲ್ಲಿ ಒಡೆದು ಬಿದ್ದಿದ್ದವು. ಮೇಣದ ಕಾಗದದ ಸ್ಯಾಂಡ್‌ವಿಚ್ಚು ಪಕ್ಕದ ಸೀಟಿನ ಮೇಲೆ ಹಾಗೇ ಇತ್ತು. ಅರ್ಡಿಸ್ ಇನ್ನು ಆ ಬೆಳ್ಳಿ ಹಾಳೆಯನ್ನು ಡ್ರಾಯರಿಗೆ ಮರಳಿಸಬಹುದು. ಸೂರ್ಯ ಬೆನ್ನ ಹಿಂದಿದ್ದ. ಕಾರಿನ ನೆರಳು ಮುಂದೆ ಮುಂದೆ, ಪೂರ್ವಕ್ಕೆ, ಬೀಳಬೇಕಾದ ಕಡೆಗೇ ಬಿದ್ದು ಉದ್ದವಾಗುತ್ತಿತ್ತು. ಅವನು ಅದನ್ನು ಬಹಳ ಹೊತ್ತು ನೋಡಿದ, ಪರೀಕ್ಷೆ ಮಾಡುವವನಂತೆ. ಬೀಟ್ ರಾಶಿಗಳ ನೆತ್ತಿಯ ಕಡೆ ನೋಡಲಿಲ್ಲ. ನೋಡಿದರೆ ಅಲ್ಲಿ ಏನಾದರೂ ಇದ್ದೀತೆಂಬ ಭಯವಲ್ಲ. ಇದ್ದರೂ ಅದು ಇನ್ನು ಮೇಲೆ ಶುಕ್ರಗ್ರಹವೇ.

ದೂರದಲ್ಲಿ ಒಂದು ಪಿಕಪ್ಪು ಕಾಣಿಸಿತು. ಹೊಸದು, ಅದೂ ಕೆಂಪೇ. ಆಗಲೇ ಮನೆ ಮುಟ್ಟಿ, ಗೆದ್ದ ಖುಷಿಗೆ ಕುಡಿಯಲಿಕ್ಕೋ, ಚಿಕ್ಕಮ್ಮನ ಮನೆಗೆ ಸುದ್ದಿ ಹೇಳಲಿಕ್ಕೋ, ಡೇಲ್ ಒಬ್ಬನೇ ವಾಪಸು ಬರುತ್ತಿದ್ದ. ಇಳಿಬಿಸಿಲು ನೇರ ಮುಖಕ್ಕೆ ಬಿದ್ದದ್ದರಿಂದ ಈ ಸಲ ಮುಖ ಸ್ಪಷ್ಟವಾಗಿ ಕಂಡಿತು. ಯಾರು ಕೇಳಿದರೂ ಆಣೆ ಮಾಡಿ ಹೇಳಬಹುದಿತ್ತು. ಡೇಲ್‌ನ ಬೆರಳು ಸ್ಟೀರಿಂಗಿನಿಂದ ಎದ್ದಿತು. ನೆಟ್ಟಗೆ ಎದ್ದು, ಒಂದು ಕ್ಷಣ ಗೌರವದಿಂದ ನಿಂತು, ಮೇಲಕ್ಕೆ ಕುಟುಕದೆ, ಮಲಗಿತು. ಪಾದ್ರಿಗೆ ಎತ್ತುವ ಹಾಗೆ, ಎಲ್ಲರಿಗೂ ಎತ್ತುವ ಹಾಗೆ.

ಎಲ್ಡನ್ ತನ್ನ ಕೈಯನ್ನು ನೋಡಿದ. ಅವನ ಬೆರಳು ಆಗಲೇ ಎದ್ದಿತ್ತು.